ಫೆಬ್ರುವರಿಯ ದೇಶ: ಚಳಿ ಇಳಿಯುವ ಹೊತ್ತಿನ ಮರ, ಹಕ್ಕಿ, ಕಡಲಾಮೆ

ಚಳಿಗಾಲ ಎಂದು ಮುಗಿಯುತ್ತದೆ ಎಂಬುದಕ್ಕೆ ಈ ದೇಶದಲ್ಲಿ ಹಲವು ಲೆಕ್ಕಗಳಿವೆ. ಭಾರತೀಯ ಹವಾಮಾನ ಇಲಾಖೆಗೆ ಜನವರಿ, ಫೆಬ್ರುವರಿ ಎರಡೇ ತಿಂಗಳು ಚಳಿಗಾಲ. ಮಾರ್ಚ್ 1 ಬಂದರೆ ಮುಂಗಾರುಪೂರ್ವ ಅವಧಿ ಶುರು. ಕಾಶ್ಮೀರದವರು ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ ಎಂದು ಎಣಿಸುತ್ತಾರೆ. ಆ ಎಣಿಕೆಯೂ ಮಾರ್ಚ್ ತಿಂಗಳ ಬಾಗಿಲಿಗೇ ಬಂದು ನಿಲ್ಲುತ್ತದೆ. ಪಂಚಾಂಗದ ಶಿಶಿರ ಮಾತ್ರ ಮಾಘ, ಫಾಲ್ಗುಣಗಳನ್ನು ದಾಟಿ ಯುಗಾದಿಯವರೆಗೂ ಇರುತ್ತದೆ. ನಮ್ಮ ಕಡೆಯ ಮಾತಿನ ಪ್ರಕಾರ ಶಿವರಾತ್ರಿ ಬಂತೆಂದರೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ. ಲೆಕ್ಕ ಯಾರದೇ ಇರಲಿ, ಎಲ್ಲವೂ ಕೆಲವು ವಾರಗಳ ಅಂತರದಲ್ಲಿ ಒಂದನ್ನೊಂದು ಮುಟ್ಟುತ್ತವೆ.

ಈಚೆಗೆ ಫೆಬ್ರುವರಿ ಈ ಯಾವ ಲೆಕ್ಕಕ್ಕೂ ಸಿಗುತ್ತಿಲ್ಲ. 2023ರ ಫೆಬ್ರುವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 1901ರಿಂದೀಚಿನ ದಾಖಲೆಗಳಲ್ಲೇ ಅತಿ ಹೆಚ್ಚಾಗಿತ್ತು. ಎರಡೇ ವರ್ಷ ಕಳೆದು ಬಂದ 2025ರ ಫೆಬ್ರುವರಿ ಹಗಲು ರಾತ್ರಿ ಎರಡನ್ನೂ ಸೇರಿಸಿದ ಸರಾಸರಿಯಲ್ಲಿ ಹೊಸ ದಾಖಲೆ ಬರೆಯಿತು: 22.04 ಡಿಗ್ರಿ ಸೆಲ್ಸಿಯಸ್, ವಾಡಿಕೆಗಿಂತ 1.34 ಡಿಗ್ರಿ ಹೆಚ್ಚು. ಉಷ್ಣಮಾಪಕ ಹೇಳುವುದರಲ್ಲಿ ಅನುಮಾನವಿಲ್ಲ. ಆದರೆ ಋತು ಎಂದರೆ ಉಷ್ಣಮಾಪಕದ ಅಂಕಿಯಷ್ಟೇ ಅಲ್ಲ. ಹಿಮಚಿರತೆ ಕಣಿವೆಗೆ ಇಳಿಯುವುದು, ಮುತ್ತುಗ ಮೊಗ್ಗಾಗುವುದು, ಹೆಬ್ಬಾತು ಕೆರೆ ಬಿಟ್ಟು ಏಳುವುದು, ಕಡಲಾಮೆ ಮರಳಿಗೆ ಬರುವುದು, ಇವೂ ಋತುವೇ. ಇವು ಕೂಡ ಮುಂಚಿತವಾಗುತ್ತಿವೆಯೇ? ಉತ್ತರ ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯದು. ಕೆಲವು ಕಡೆ ಉತ್ತರ ಹೇಳಲು ಬೇಕಾದ ದಾಖಲೆಯನ್ನೇ ನಾವು ಇಟ್ಟಿಲ್ಲ. ಆ ಕೊರತೆಯ ಕಡೆಗೆ ಗಮನ ಸೆಳೆಯುವುದೇ ಈ ಬರಹದ ಮುಖ್ಯ ಉದ್ದೇಶ.

ಮೊದಲು ಗಾಳಿಯ ವಿಷಯ. ಉತ್ತರ ಭಾರತದ ಚಳಿಗಾಲದ ಮಳೆ, ಹಿಮ ಎರಡೂ ಮೆಡಿಟರೇನಿಯನ್ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನಗಳ ಮೇಲೆ ಹಾದು ಬರುವ ಗಾಳಿಮೋಡಗಳ ವ್ಯೂಹದಿಂದ ಸಿಗುತ್ತವೆ. ಹವಾಮಾನ ವರದಿಗಳು ಇದನ್ನು ಪಶ್ಚಿಮದ ಪ್ರಕ್ಷುಬ್ಧತೆ ಎನ್ನುತ್ತವೆ. ಈ ಮಳೆ ಬಿದ್ದರೆ ರಾಜಸ್ಥಾನದ ರೈತರು ಮಾವಠ್ ಬಂತೆಂದು ಹಿಗ್ಗುತ್ತಾರೆ, ಪಂಜಾಬಿನ ಗೋಧಿ ಚೇತರಿಸಿಕೊಳ್ಳುತ್ತದೆ, ಹಿಮಾಲಯದ ಇಳಿಜಾರುಗಳಲ್ಲಿ ಹಿಮ ಕೂಡಿಕೊಳ್ಳುತ್ತದೆ. ಇಂಥ ವ್ಯೂಹಗಳು ದುರ್ಬಲವಾದರೆ, ತಡವಾದರೆ, ಆಕಾಶ ತೆರವಾಗಿ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಜನವರಿಯ ಸಂಗತಿಯೇ ಬೇರೆ. ಗಂಗಾ ಬಯಲಿನ ಮೇಲೆ ಮಂಜು, ಹೊಗೆ, ದೂಳು ಸೇರಿ ದಿನಗಟ್ಟಲೆ ಮುಚ್ಚಿಕೊಂಡಿರುತ್ತವೆ, ಬಿಸಿಲು ನೆಲ ಮುಟ್ಟುವುದೇ ಇಲ್ಲ. ಹೀಗಾಗಿ ಅಲ್ಲಿ ಜನವರಿ ಅಷ್ಟಾಗಿ ಬಿಸಿಯಾಗುತ್ತಿಲ್ಲ, ಫೆಬ್ರುವರಿ ಮಾತ್ರ ವೇಗವಾಗಿ ಬಿಸಿಯಾಗುತ್ತಿದೆ. 1970ರಿಂದೀಚಿನ ಉಷ್ಣಾಂಶಗಳನ್ನು ಪರಿಶೀಲಿಸಿ ಕ್ಲೈಮೇಟ್ ಸೆಂಟ್ರಲ್ ಎಂಬ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದನ್ನೇ ಎತ್ತಿ ತೋರಿಸಿತು. ಈ ಎರಡು ತಿಂಗಳ ನಡುವಿನ ಅಂತರ ಅತಿ ಹೆಚ್ಚಾಗಿ ಕಂಡದ್ದು ರಾಜಸ್ಥಾನದಲ್ಲಿ. ಅಂದರೆ ಚಳಿಯಿಂದ ಸೆಕೆಗೆ ಹೋಗುವ ದಾರಿ ಮೊಟಕಾಗುತ್ತಿದೆ. ನಡುವೆ ಇದ್ದ ಹಿತವಾದ ವಾರಗಳು ಕರಗುತ್ತಿವೆ.

ಅದರ ಬೆಲೆಯನ್ನು ಮೊದಲು ತೆತ್ತದ್ದು ಗೋಧಿ. ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ ಅದು ಕಾಳು ಕಟ್ಟುವ ಹೊತ್ತು. ಆಗ ಸೆಕೆ ಎರಗಿದರೆ ಕಾಳು ತುಂಬುವ ಮೊದಲೇ ಪೈರು ಹಣ್ಣಾಗಿ ಜೊಳ್ಳಾಗುತ್ತದೆ. 2022ರ ಮಾರ್ಚ್ ಅಲ್ಲಿಯವರೆಗಿನ 122 ವರ್ಷಗಳಲ್ಲೇ ಅತಿ ಬಿಸಿಯಾದ ಮಾರ್ಚ್ ಆಗಿತ್ತು. ಇಳುವರಿ ತಗ್ಗಿತು, ಅದೇ ವರ್ಷದ ಮೇ 13ರಂದು ಸರ್ಕಾರ ಗೋಧಿ ರಫ್ತನ್ನು ನಿಲ್ಲಿಸಿತು.

ಕಾಶ್ಮೀರದಲ್ಲಿ ಇದೇ ಕತೆ ಹಿಮದ ರೂಪದಲ್ಲಿ ಕಾಣುತ್ತದೆ. 2024ರ ಜನವರಿಯಲ್ಲಿ, ಚಿಲ್ಲೈ ಕಲಾನ್ ನಡುವೆಯೇ, ಗುಲ್ಮಾರ್ಗದ ಇಳಿಜಾರುಗಳು ಕಂದು ಹುಲ್ಲಾಗಿ ಬಿದ್ದಿದ್ದವು. ಹಿಮ ಬಂದದ್ದು ತಿಂಗಳು ಮುಗಿಯುವ ಹೊತ್ತಿಗೆ. ಮರುವರ್ಷ ಫೆಬ್ರುವರಿಯಲ್ಲಿ ಗುಲ್ಮಾರ್ಗದಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮವಿಲ್ಲದೆ ಮಾರ್ಚ್‌ಗೆ ಹೋಯಿತು. ಆಟ ಮುಂದೂಡಬಹುದು, ತೊರೆಗಳನ್ನು ಮುಂದೂಡಲು ಬರುವುದಿಲ್ಲ. ಕಾಶ್ಮೀರದ ಸೇಬಿನ ತೋಟಕ್ಕೆ, ಭತ್ತದ ಗದ್ದೆಗೆ ಬೇಸಗೆಯಲ್ಲಿ ಬೇಕಾಗುವ ನೀರು ಚಳಿಗಾಲದ ಹಿಮವಾಗಿ ಬೆಟ್ಟದ ಮೇಲೆ ಕೂತಿರಬೇಕು. ಚಿಲ್ಲೈ ಕಲಾನ್‌ನಲ್ಲಿ ಬಿದ್ದ ಹಿಮ ಕೊರೆಯುವ ಚಳಿಗೆ ಗಟ್ಟಿಯಾಗಿ ಉಳಿಯುತ್ತದೆ. ತಡವಾಗಿ ಬಿದ್ದದ್ದು ಬೇಗ ಕರಗಿ ಹರಿದುಹೋಗುತ್ತದೆ. ಹಿಮ ಎಷ್ಟು ಬಿತ್ತು ಎನ್ನುವಷ್ಟೇ ಮುಖ್ಯ, ಯಾವಾಗ ಬಿತ್ತು ಎನ್ನುವುದು.

ಇದೇ ಹಿಮವನ್ನು ನಂಬಿಕೊಂಡು ಬದುಕುವ ಇನ್ನೊಂದು ಜೀವ ಹಿಮಚಿರತೆ. ಲಡಾಖ್‌ನ ಹೆಮಿಸ್, ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಕಡೆಗೆ ನೋಡುಗರು ಹೋಗುವುದು ಫೆಬ್ರುವರಿ, ಮಾರ್ಚ್‌ನಲ್ಲೇ. ಮೇಲೆ ಹಿಮ ದಪ್ಪವಾಗಿರುವಾಗ ಐಬೆಕ್ಸ್, ನೀಲಿಕುರಿಗಳು ಮೇವಿಗಾಗಿ ಕೆಳಗಿಳಿಯುತ್ತವೆ, ಅವುಗಳ ಹಿಂದೆ ಚಿರತೆಯೂ ಇಳಿಯುತ್ತದೆ. ಹಿಮಚಿರತೆಗಳು ಜೋಡಿಯಾಗುವ ಕಾಲವೂ ಅದೇ ಆದ್ದರಿಂದ ಬಂಡೆಗಳ ನಡುವೆ ಅವುಗಳ ಕೂಗು ಕೇಳುತ್ತದೆ. 2024ರ ಜನವರಿಯಲ್ಲಿ ಪ್ರಕಟವಾದ ಮೊದಲ ರಾಷ್ಟ್ರೀಯ ಅಂದಾಜು ಭಾರತದಲ್ಲಿ 718 ಹಿಮಚಿರತೆಗಳಿವೆ ಎಂದಿತು. ಅವುಗಳಲ್ಲಿ 477 ಲಡಾಖ್‌ನಲ್ಲಿವೆ. ಕಿಬ್ಬರ್‌ನ ಜನರೊಡನೆ ಸೇರಿ ಈ ಪ್ರಾಣಿಯ ಬಗ್ಗೆ ಬಹುಕಾಲದಿಂದ ಕೆಲಸ ಮಾಡುತ್ತಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ನೆಲೆ ನಮ್ಮ ಮೈಸೂರು.

ಹಿಮಾಲಯದಲ್ಲಿ ಅತಿ ಹೆಚ್ಚು ಚರ್ಚೆಗೆ ಬಂದಿರುವ ಹೂವು ಬುರಾನ್ಸ್, ಅಂದರೆ ಕೆಂಪು ರೋಡೋಡೆಂಡ್ರಾನ್. ಉತ್ತರಾಖಂಡದ ರಾಜ್ಯವೃಕ್ಷವೂ ಅದೇ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಅರಳುತ್ತಿದ್ದ ಹೂವು ಜನವರಿಯಲ್ಲೇ ಕಾಣಿಸಿಕೊಂಡಿತೆಂಬ ಸುದ್ದಿ ಈಗ ಹೆಚ್ಚುಕಡಿಮೆ ಪ್ರತಿ ವರ್ಷ ಬರುತ್ತದೆ. ಚೈತ್ರದ ಮೊದಲ ದಿನ, ಮಾರ್ಚ್ ನಡುವಿನಲ್ಲಿ, ಅಲ್ಲಿನ ಮಕ್ಕಳು ಮನೆಮನೆಯ ಹೊಸಿಲಿಗೆ ಹೂವಿಟ್ಟು ಹರಸುವ ಫೂಲ್‌ದೇಯಿ ಹಬ್ಬವಿದೆ. ಬುಟ್ಟಿಯಲ್ಲಿ ಬುರಾನ್ಸ್ ಇರಬೇಕು. ಹೂವು ಹಬ್ಬಕ್ಕಿಂತ ಮೊದಲೇ ಉದುರಿದರೆ ಮಕ್ಕಳು ಏನಿಡಬೇಕು ಎಂಬುದು ಅಲ್ಲಿ ನಿಜವಾದ ಚಿಂತೆ. 2014ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹಳೆಯ ಒಣಸಸ್ಯ ಹಾಳೆಗಳ ತಾರೀಖುಗಳನ್ನು ಆಧರಿಸಿ, ನೂರು ವರ್ಷಗಳಲ್ಲಿ ಬುರಾನ್ಸ್ ಹೂಬಿಡುವಿಕೆ 88ರಿಂದ 97 ದಿನ ಮುಂಚಿತವಾಗಿದೆ ಎಂದಿತು. ಹೆಚ್ಚುಕಡಿಮೆ ಮೂರು ತಿಂಗಳು. ಹೂವು ಮುಂಚಿತವಾಗುತ್ತಿದೆ ಎಂಬುದನ್ನು ನಾನು ನಂಬುತ್ತೇನೆ. ಮೂರು ತಿಂಗಳು ಎಂಬ ಅಂಕಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಒಣಸಸ್ಯ ಹಾಳೆಯ ಮೇಲಿರುವುದು ಸಂಗ್ರಾಹಕ ಆ ಬೆಟ್ಟಕ್ಕೆ ಹೋದ ದಿನ, ಮೊದಲ ಹೂವು ಬಿರಿದ ದಿನವಲ್ಲ. ಬ್ರಿಟಿಷರ ಕಾಲದ ಸಸ್ಯಶಾಸ್ತ್ರಜ್ಞ ಜನವರಿಯ ಹಿಮದಲ್ಲಿ ಹತ್ತದೆ ಏಪ್ರಿಲ್‌ನಲ್ಲಿ ಹತ್ತಿದ್ದರೆ ಆತನ ಹಾಳೆಯಲ್ಲಿ ಏಪ್ರಿಲ್ ಎಂದೇ ಇರುತ್ತದೆ. ಬುರಾನ್ಸ್ ತಗ್ಗಿನಲ್ಲಿ ಮೊದಲು, ಎತ್ತರದಲ್ಲಿ ತಡವಾಗಿ ಹೂಬಿಡುವ ಮರ ಬೇರೆ. ಹಾಗೆಂದು ಆ ಹಾಳೆಗಳು ನಿಷ್ಪ್ರಯೋಜಕವಲ್ಲ, ನಮಗಿರುವ ಹಳೆಯ ಸಾಕ್ಷಿ ಅವೇ. ಸಾಕ್ಷಿಗೆ ಎಷ್ಟು ಭಾರ ಹೊರಲು ಸಾಧ್ಯವೋ ಅಷ್ಟನ್ನೇ ಹೊರಿಸಬೇಕು.

ಬೆಟ್ಟ ಇಳಿದು ಮಧ್ಯಭಾರತಕ್ಕೆ, ದಖ್ಖನ್ನಿಗೆ ಬಂದರೆ ಪ್ರಶ್ನೆಯೇ ಬದಲಾಗುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಯುರೋಪ್, ಜಪಾನ್, ಅಮೆರಿಕದ ವಸಂತ ಬಿಸಿಯೇರುವುದರ ಮೇಲೆ ನಡೆಯುತ್ತದೆ. ಚಳಿಗೆ ಮಲಗಿದ್ದ ಮೊಗ್ಗು ಬಿಸಿಲಿಗೆ ಏಳುತ್ತದೆ, ಆದ್ದರಿಂದ ಬಿಸಿ ಮುಂಚಿತವಾದರೆ ಹೂವೂ ಮುಂಚಿತ. ಆ ಸೂತ್ರವನ್ನು ಹಾಗೆಯೇ ತಂದು ಮುತ್ತುಗಕ್ಕೆ, ಬೂರುಗಕ್ಕೆ, ಹಾಲುವಾಣಕ್ಕೆ ಹಚ್ಚಲಾಗದು. ನಮ್ಮ ಎಲೆಯುದುರುವ ಕಾಡಿನ ಮರಗಳು ಮಲಗುವುದು ಚಳಿಗಲ್ಲ, ಒಣಗಿಗೆ. ಹಿಂಗಾರು ಮುಗಿದು ಮೇಲ್ಮಣ್ಣು ಆರುತ್ತಿದ್ದಂತೆ ಅವು ಎಲೆ ಕಳಚುತ್ತವೆ. ಎಲೆ ಕಳಚಿದ ಮೇಲೆ ಬೆವರುವಿಕೆ ನಿಂತು, ಬೇರು ಆಳದಿಂದ ಎಳೆದ ನೀರು ಕಾಂಡದಲ್ಲಿ ತುಂಬಿಕೊಳ್ಳುತ್ತದೆ. ಆ ನೀರೇ ಹೂವಾಗುತ್ತದೆ. ಹೊಂಗೆ, ಅರಳಿ, ಸಾಲ ಮರಗಳು ಒಂದು ಹನಿ ಮಳೆಯಿಲ್ಲದ ಮಾರ್ಚ್‌ನಲ್ಲಿ ತಳಿರೊಡೆಯುವುದು ಹೊರಗಿನವರಿಗೆ ಈಗಲೂ ಅಚ್ಚರಿ. ಹಗಲು ಉದ್ದವಾಗುವುದನ್ನು ಮರ ಗುರುತಿಸುತ್ತದೆ, ಮಣ್ಣಿನ ತೇವವನ್ನು ಅಳೆಯುತ್ತದೆ, ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಈ ಮೂರರಲ್ಲಿ ಹಗಲಿನ ಉದ್ದ ಎಂದಿಗೂ ಬದಲಾಗದು. ಬದಲಾಗುತ್ತಿರುವುದು ಉಳಿದೆರಡು. ಹೀಗಾಗಿ ಬಿಸಿಯಾದ ಫೆಬ್ರುವರಿಯಲ್ಲಿ ಒಂದು ಮರ ಬೇಗ ಹೂಬಿಡಬಹುದು, ಪಕ್ಕದ ಇನ್ನೊಂದು ಜಾತಿಯ ಮರ ಕದಲದೆ ಇರಬಹುದು. ಹಿಂದಿನ ಅಕ್ಟೋಬರ್ ಮಳೆ ಹೆಚ್ಚಾಗಿದ್ದರೆ ಎಲೆ ತಡವಾಗಿ ಉದುರಿ ಹೂವು ಹಿಂದೆ ಬೀಳಲೂಬಹುದು.

ಮುತ್ತುಗದ ದಿನಗಳನ್ನು ಒಮ್ಮೆ ನೋಡಿದವರಿಗೆ ಇದು ಬರಿಯ ಶಾಸ್ತ್ರವಾಗಿ ಉಳಿಯುವುದಿಲ್ಲ. ಪುರುಲಿಯಾದ ಕುರುಚಲು ಗುಡ್ಡಗಳಿಂದ ಜಾರ್ಖಂಡ್, ಮಧ್ಯಪ್ರದೇಶ, ವಿದರ್ಭ ದಾಟಿ ನಮ್ಮ ಬಯಲುಸೀಮೆಯ ತನಕ ಫೆಬ್ರುವರಿ, ಮಾರ್ಚ್‌ನಲ್ಲಿ ಒಂದೇ ಬಣ್ಣ. ಎಲೆಯಿಲ್ಲದ ಕೊಂಬೆಯ ಮೇಲೆ ಮೈನಾ, ಪಿಕಳಾರ, ಸೂರಕ್ಕಿ, ಕಾಜಾಣ, ಗಿಳಿ, ಅಳಿಲು ಎಲ್ಲವೂ ಮಕರಂದಕ್ಕೆ ಮುಗಿಬೀಳುತ್ತವೆ. ಮಧ್ಯ ಏಷ್ಯಾ ಕಡೆಗೆ ಮರಳಬೇಕಾದ ಗುಲಾಬಿ ಕಬ್ಬಕ್ಕಿಗಳು ದೊಡ್ಡ ಹಿಂಡುಗಳಲ್ಲಿ ಬೂರುಗ, ಮುತ್ತುಗಗಳನ್ನು ಮುತ್ತಿ ಕೊನೆಯ ಊಟ ಮುಗಿಸುತ್ತವೆ. ಆಮೇಲೆ ಹಿಪ್ಪೆಯ ಸರದಿ. ಬಸ್ತರ್, ಗೊಂಡ್ವಾನದ ಕಾಡುಗಳಲ್ಲಿ ನಸುಕಿಗೇ ಹೂವು ಉದುರುತ್ತದೆ. ಬೆಳಕು ಹರಿಯುವ ಮೊದಲೇ ಹೆಂಗಸರು ಮಕ್ಕಳು ಬುಟ್ಟಿ ಹಿಡಿದು ಮರದಡಿ ಇರುತ್ತಾರೆ. ಜಾರ್ಖಂಡದ ಆದಿವಾಸಿಗಳು ಸಾಲ ಮರ ಹೂಬಿಟ್ಟ ಮೇಲೆ ಸರ್ಹುಲ್ ಹಬ್ಬ ಮಾಡುತ್ತಾರೆ. ಹಬ್ಬ ಆಗುವ ತನಕ ಹೊಸ ಹೂವು, ಹೊಸ ಕಾಯಿ ಮುಟ್ಟುವುದಿಲ್ಲ. ಋತುವನ್ನು ಮರ ನೋಡಿ ನಿಶ್ಚಯಿಸುವ ಇಂಥ ಸಮುದಾಯಗಳ ಹಿರಿಯರನ್ನು ಹವಾಮಾನದ ಅಧ್ಯಯನಗಳು ಇನ್ನೂ ಸಾಕಷ್ಟು ಕೇಳಿಲ್ಲ ಎಂಬುದು ನನ್ನ ದೊಡ್ಡ ತಕರಾರು.

ಇದೇ ಒಣಗು ಬೆಂಕಿಯನ್ನೂ ತರುತ್ತದೆ. ಹಿಪ್ಪೆ ಹೂವು ಕಾಣಲೆಂದು ಮರದಡಿಯ ತರಗೆಲೆಗೆ ಹಚ್ಚಿದ ಕಿಡಿ ಕೆಲವೊಮ್ಮೆ ಕಾಡಿಗೆ ಹಬ್ಬುತ್ತದೆ. 2019ರ ಫೆಬ್ರುವರಿ ಕೊನೆಯ ವಾರಗಳಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟದ್ದನ್ನು ಕರ್ನಾಟಕ ಮರೆತಿಲ್ಲ. ಕಾಡಿನ ಬೆಂಕಿಯ ಕಾಲ ಎಂದರೆ ಮಾರ್ಚ್, ಏಪ್ರಿಲ್ ಎಂದುಕೊಂಡಿದ್ದವರಿಗೆ ಅದು ಎಚ್ಚರಿಕೆಯಾಗಿತ್ತು.

ಮಲೆನಾಡಿನ ಕಾಫಿ ಬೆಳೆಗಾರರಷ್ಟು ಆತಂಕದಿಂದ ಫೆಬ್ರುವರಿಯ ಆಕಾಶ ನೋಡುವವರು ದಕ್ಷಿಣದಲ್ಲಿ ಇಲ್ಲ. ಕಾಫಿಯ ಮೊಗ್ಗು ಒಣ ಚಳಿಯಲ್ಲಿ ತಟಸ್ಥವಾಗಿ ಕಾಯುತ್ತದೆ. ಫೆಬ್ರುವರಿಯಿಂದ ಏಪ್ರಿಲ್ ನಡುವೆ ಹದವಾದ ಒಂದು ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಹೂಮಳೆ ಎಂದು ಅದಕ್ಕೇ ಹೆಸರು. ಕಾಯಿ ಕಚ್ಚಲು ಕೆಲವು ವಾರ ಬಿಟ್ಟು ಇನ್ನೊಂದು ಮಳೆ ಬೇಕು. ಹೂಮಳೆ ಜನವರಿಯಲ್ಲೇ ಸುರಿದರೆ? 2021ರ ಜನವರಿಯಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ ಹಾಗೆಯೇ ಆಯಿತು. ಗಿಡದ ಮೇಲೆ ಹಣ್ಣು ಇನ್ನೂ ಕೊಯ್ಲಾಗಿರಲಿಲ್ಲ, ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ನೆನೆಯಿತು. ಕೊಯ್ಲು ಮುಗಿಯದ ಗಿಡದಲ್ಲೇ ಹೊಸ ಮೊಗ್ಗು ಬಿರಿದರೆ ಹಣ್ಣು ಕೀಳುವ ಕೈ ಹೂವನ್ನೂ ಉದುರಿಸುತ್ತದೆ. ನೀರಿನ ಅನುಕೂಲವಿರುವವರು ಈಗ ಸ್ಪ್ರಿಂಕ್ಲರ್‌ನಲ್ಲಿ ತಾವೇ ಹೂಮಳೆ ತರಿಸುತ್ತಾರೆ. ಸಣ್ಣ ಹಿಡುವಳಿಯವರಿಗೆ ಆಕಾಶವೇ ಗತಿ. ಮಾವಿನ ಹೂವಿನ ಪಾಡೂ ಇದಕ್ಕೆ ಹತ್ತಿರದ್ದೇ. ಹೂ ಕಟ್ಟಲು ತಂಪು ಬೇಕು, ಹೂವಿದ್ದಾಗ ಮೋಡ ಮುಸುಕಿದರೆ ಬೂದಿರೋಗ, ಜಿಗಿಹುಳು ಎರಡೂ ಬರುತ್ತವೆ.

ಇನ್ನು ಹಕ್ಕಿಗಳು. ಚಳಿ ಇಳಿಯುವ ವಾರಗಳಲ್ಲಿ ಈ ದೇಶದಲ್ಲಿ ಎರಡು ಬಗೆಯ ಹಕ್ಕಿಗಳು ಒಟ್ಟಿಗೇ ಇರುತ್ತವೆ. ಕೋಗಿಲೆ, ಕಂಚುಗಾರ ಹಕ್ಕಿ, ಮಡಿವಾಳ ಮುಂತಾದ ಊರಿನವು ದನಿ ಎತ್ತಲು ಶುರು ಮಾಡಿರುತ್ತವೆ. ದೂರದಿಂದ ಬಂದವು ಮೈಯಲ್ಲಿ ಕೊಬ್ಬು ತುಂಬಿಕೊಂಡು ಹೊರಡಲು ಸಿದ್ಧವಾಗಿರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಹಗಲು ಕೆರೆಯಲ್ಲಿ ತೇಲುತ್ತವೆ. ಮಾರ್ಚ್ ಹೊತ್ತಿಗೆ ಹಿಮಾಲಯದ ಮೇಲಿಂದ ಟಿಬೆಟ್, ಮಂಗೋಲಿಯಾ ಕಡೆಗೆ ಹಾರುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದರಿಂದ ಈ ದಾರಿ ಖಚಿತವಾಗಿದೆ. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಮೂರೂ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸಾರ್ ಪಟ್ಟಿ ಸೇರಿದವು. ಬೆಳೆಗೆ ಹಕ್ಕಿ ಬಿದ್ದರೂ ಸಹಿಸಿಕೊಂಡ ಆ ಸುತ್ತಿನ ರೈತರಿಗೆ ಆ ಗೌರವದಲ್ಲಿ ಪಾಲಿದೆ. ರಾಜಸ್ಥಾನದ ಫಲೋದಿ ಬಳಿಯ ಖೀಚನ್ ಊರಿನವರು ಇನ್ನೂ ಮುಂದೆ ಹೋಗಿದ್ದಾರೆ. ಅವರು ಕುರ್ಜಾ ಎನ್ನುವ ಡೆಮೊಯ್ಸೆಲ್ ಕೊಕ್ಕರೆಗಳಿಗೆ ಬೇಲಿ ಹಾಕಿದ ಅಂಗಳದಲ್ಲಿ ದಿನವೂ ಕಾಳು ಚೆಲ್ಲುತ್ತಾರೆ. ಸೆಪ್ಟೆಂಬರ್‌ನಲ್ಲಿ ಬಂದವು ಮಾರ್ಚ್‌ನಲ್ಲಿ ಹೊರಡುತ್ತವೆ. 2025ರಲ್ಲಿ ಖೀಚನ್ ಕೂಡ ರಾಮ್ಸಾರ್ ತಾಣವಾಯಿತು. ಭರತಪುರಕ್ಕೆ ಬರುತ್ತಿದ್ದ ಸೈಬೀರಿಯಾದ ಬಿಳಿ ಕೊಕ್ಕರೆ ಮಾತ್ರ 2001–02ರ ಚಳಿಗಾಲದ ನಂತರ ಕಾಣಲೇ ಇಲ್ಲ.

ಫೆಬ್ರುವರಿ ನಡುವಿನ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಗಣತಿ ನಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಗಣತಿಗೆ ಭಾರತ ಸೇರಿದ್ದು 2013ರಲ್ಲಿ. ಈಗ ಪ್ರತಿ ವರ್ಷ ಸಾವಿರದಷ್ಟು ಜಾತಿಯ ಹಕ್ಕಿಗಳು ಇಲ್ಲಿಂದ ದಾಖಲಾಗುತ್ತವೆ. ಕಾಲೇಜು ಅಂಗಳ, ಕೆರೆ ಏರಿ, ಮನೆ ತಾರಸಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಈ ಗಣತಿಯಲ್ಲೂ ಬೇರೆ ದಿನಗಳಲ್ಲೂ ಮೂವತ್ತು ಸಾವಿರ ಮಂದಿ ವೀಕ್ಷಕರು ಕೊಟ್ಟ ಪಟ್ಟಿಗಳ ಮೇಲೆಯೇ 2023ರ ‘ಭಾರತದ ಹಕ್ಕಿಗಳ ಸ್ಥಿತಿ’ ವರದಿ ನಿಂತಿದೆ. 942 ಜಾತಿಗಳನ್ನು ಪರಿಶೀಲಿಸಿದ ಆ ವರದಿಯ ಪ್ರಕಾರ, ದೀರ್ಘಕಾಲದ ಏರಿಳಿತ ಗೊತ್ತುಮಾಡಲು ಸಾಧ್ಯವಾದ 338 ಜಾತಿಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ಯುರೇಷ್ಯಾ, ಆರ್ಕ್ಟಿಕ್ ಕಡೆಯಿಂದ ಬರುವ ವಲಸೆ ಹಕ್ಕಿಗಳಿಗೆ ಪೆಟ್ಟು ಹೆಚ್ಚು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಕೂಡ ಶೇ 30ರಷ್ಟೋ ಅದಕ್ಕಿಂತ ಹೆಚ್ಚೋ ಕುಸಿದವುಗಳ ಸಾಲಿನಲ್ಲಿದೆ. ಈ ಗಣತಿಯ ಬಗ್ಗೆ ನನಗೆ ಅಪಾರ ಗೌರವ. ಆದರೆ ನಾಲ್ಕು ದಿನದ ಗಣತಿ ಎಷ್ಟಿವೆ ಎಂದು ಹೇಳೀತು, ಎಂದು ಹೊರಟವು ಎಂದು ಹೇಳದು. ಹೊರಟ ದಿನ ತಿಳಿಯಬೇಕಾದರೆ ಅದೇ ಕೆರೆಗೆ ಮಾರ್ಚ್ ಪೂರ್ತಿ ಹೋಗುವವರು ಬೇಕು, ‘ಇವತ್ತು ಕಾಣಲಿಲ್ಲ’ ಎಂದೂ ಬರೆದಿಡುವವರು ಬೇಕು.

ಪೂರ್ವ ಕರಾವಳಿಯಲ್ಲಿ ಇದೇ ಹೊತ್ತಿಗೆ ನಡೆಯುವ ಸಂಗತಿಗೆ ಸಾಟಿಯಿಲ್ಲ. ಒಡಿಶಾದ ಋಷಿಕುಲ್ಯಾ ಅಳಿವೆ, ಗಹಿರಮಠ ಕಡಲತೀರಗಳಿಗೆ ಆಲಿವ್ ರಿಡ್ಲೆ ಆಮೆಗಳು ಲಕ್ಷಗಟ್ಟಲೆ ಬಂದು ಮೊಟ್ಟೆಯಿಡುತ್ತವೆ. 2025ರ ಫೆಬ್ರುವರಿಯಲ್ಲಿ ಋಷಿಕುಲ್ಯಾ ಒಂದರಲ್ಲೇ ಸುಮಾರು 7 ಲಕ್ಷ ಆಮೆಗಳು ಮೊಟ್ಟೆಯಿಟ್ಟವು. ಅದರ ಹಿಂದಿನ ವರ್ಷ ಅಲ್ಲಿ ಸಾಮೂಹಿಕ ಮೊಟ್ಟೆಯಿಡುವಿಕೆ ನಡೆದೇ ಇರಲಿಲ್ಲ. ಗಾಳಿ, ಅಲೆ, ಅಳಿವೆಯ ಮರಳದಿಬ್ಬದ ಆಕಾರ ಎಲ್ಲ ಕೂಡಿಬರಬೇಕು. ಒಂದೆರಡು ವರ್ಷದ ಏರಿಳಿತ ನೋಡಿ ಹಿಗ್ಗುವುದೂ ಕುಗ್ಗುವುದೂ ಬೇಡ. ಹೆಚ್ಚು ಯೋಚಿಸಬೇಕಾದ್ದು ಮರಳಿನೊಳಗಿನ ಬಿಸಿಯ ಬಗ್ಗೆ. ಆಮೆಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಉಷ್ಣಾಂಶ ತೀರ್ಮಾನಿಸುತ್ತದೆ. ಬಿಸಿ ಹೆಚ್ಚಾದಷ್ಟೂ ಹೆಣ್ಣು ಹೆಚ್ಚು, ಮಿತಿಮೀರಿದರೆ ಮೊಟ್ಟೆಯೇ ಬೇಯುತ್ತದೆ. ಮೊಟ್ಟೆಯಿಡುವುದು ಮಾರ್ಚ್‌ಗೆ ಹೋದರೆ ಮರಿ ಬಲಿಯುವ ಒಂದೂವರೆ ತಿಂಗಳು ಪೂರ್ತಿ ಕಡುಬೇಸಗೆಗೆ ಸಿಗುತ್ತದೆ. ಉತ್ತರ ಕನ್ನಡದ ಹೊನ್ನಾವರ ಸುತ್ತಿನ ತೀರಕ್ಕೂ ಇದೇ ಆಮೆ ಬರುತ್ತದೆ. ಸಂಖ್ಯೆ ಸಣ್ಣದು, ಆದರೆ ಗೂಡು ಕಾಯುವ ಮೀನುಗಾರರ ಕಾಳಜಿ ದೊಡ್ಡದು.

ಹಾಗಾದರೆ ದಾಖಲೆ ಎಲ್ಲಿದೆ? ಜಪಾನಿನ ಕ್ಯೋಟೋದಲ್ಲಿ ಚೆರಿ ಹೂವಿನ ತಾರೀಖುಗಳು ಒಂಬತ್ತನೆಯ ಶತಮಾನದಿಂದ ಸಿಗುತ್ತವೆ. ನಮ್ಮಲ್ಲಿ 1875ರಿಂದ ಹವಾಮಾನ ಇಲಾಖೆಯಿದೆ, 1890ರಿಂದ ಸಸ್ಯ ಸರ್ವೇಕ್ಷಣ ಸಂಸ್ಥೆಯಿದೆ. ಜಫರ್ ಫತೇಹಲ್ಲಿ 1959ರಲ್ಲಿ ಆರಂಭಿಸಿ, ಮುಂದೆ ಬೆಂಗಳೂರಿನಿಂದ ಹೊರಬಂದ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಪುಟಗಳಲ್ಲಿ ಹಕ್ಕಿ ಬಂದ ದಿನ, ಹೋದ ದಿನಗಳ ಪತ್ರಗಳಿವೆ. ಆದರೆ ಒಂದೇ ಮರವನ್ನು ವಾರವಾರವೂ, ವರ್ಷವರ್ಷವೂ ನೋಡಿ ಬರೆದಿಟ್ಟ ದಾಖಲೆ ತೀರಾ ಈಚಿನದು. ಆ ಕೆಲಸವನ್ನು ಸೀಸನ್‌ವಾಚ್ ಯೋಜನೆ ಶಾಲೆಗಳ ಮೂಲಕ ಮಾಡಿಸುತ್ತಿದೆ. ಮಕ್ಕಳು ಒಂದು ಮರ ಆರಿಸಿಕೊಂಡು ಪ್ರತಿ ವಾರ ತಳಿರು, ಮೊಗ್ಗು, ಹೂವು, ಕಾಯಿ ಇದೆಯೋ ಇಲ್ಲವೋ ಎಂದು ಗುರುತಿಸುತ್ತಾರೆ. ಇದರಲ್ಲಿ ಎಲ್ಲರಿಗಿಂತ ಮುಂದಿರುವುದು ಕೇರಳದ ಶಾಲೆಗಳು. ವಿಷು ಹಬ್ಬಕ್ಕೆ ಬೇಕಾದ ಕಕ್ಕೆ ಹೂವು ಏಪ್ರಿಲ್ ನಡುವಿನ ತನಕ ಕಾಯದೆ ಅರಳುತ್ತಿದೆ ಎಂಬ ಮಾತು ಅಲ್ಲಿ ಮನೆಮನೆಯದು. ಅದನ್ನು ಮರ ಮರದ ಲೆಕ್ಕದಲ್ಲಿ ಪರೀಕ್ಷಿಸಲು ಬೇಕಾದ ಸಾಮಗ್ರಿಯನ್ನು ಆ ಮಕ್ಕಳು ಕೂಡಿಸುತ್ತಿದ್ದಾರೆ.

ದೇಶದ ನಕ್ಷೆಯ ಮೇಲೆ ಇಂಥ ವೀಕ್ಷಣೆಗಳು ಹರಡಿರುವ ರೀತಿ ಸಮವಲ್ಲ. ಕೇರಳದಲ್ಲಿ ಒತ್ತಾಗಿವೆ, ದೊಡ್ಡ ನಗರಗಳ ಸುತ್ತ ಗುಂಪಾಗಿವೆ, ಮುತ್ತುಗ, ಹಿಪ್ಪೆ, ಸಾಲಗಳ ತವರಾದ ಛತ್ತೀಸಗಢ, ಜಾರ್ಖಂಡಗಳಲ್ಲಿ ವಿರಳವಾಗಿವೆ. ಬೆಂಗಳೂರಿನ ಗುಲಾಬಿ ಟಬೂಬಿಯಾ ಅರಳಿದ ವಾರ ಸಾವಿರಾರು ಚಿತ್ರಗಳು ಹೊರಬರುತ್ತವೆ. ಅದು ನಗರಕ್ಕೆ ಕಳೆ ತಂದ ಮರವೇ ಸರಿ. ಆದರೆ ಹೊರಗಿನಿಂದ ತಂದು ರಸ್ತೆಬದಿಯಲ್ಲಿ ಬೆಳೆಸಿದ ಆ ಮರದಿಂದ ನಮ್ಮ ಕಾಡಿನ ಋತು ಅಳೆಯಲು ಬರುವುದಿಲ್ಲ. 2023, 2025ರ ಎರಡು ದಾಖಲೆಯ ಫೆಬ್ರುವರಿಗಳಲ್ಲಿ ಹಾವೇರಿಯ ಒಂದು ಮುತ್ತುಗ, ಬಳ್ಳಾರಿಯ ಒಂದು ಬೇವು, ದಾಂಡೇಲಿಯ ಒಂದು ಬೂರುಗ ಏನು ಮಾಡಿದವು ಎಂದು ಹೇಳಲು, ಆ ಎರಡೂ ವರ್ಷ, ನಡುವಿನ ವರ್ಷವೂ ಸೇರಿ, ಅದೇ ಮರದ ಕೆಳಗೆ ಯಾರೋ ನಿಂತಿದ್ದಿರಬೇಕು. ಶಾಲೆಯ ಅಂಗಳದಲ್ಲಿ ಹೊಂಗೆಯೋ ಬೇವೋ ಇಲ್ಲದ ಊರು ಕರ್ನಾಟಕದಲ್ಲಿ ಕಡಿಮೆ. ವಾರಕ್ಕೆ ಐದು ನಿಮಿಷ ಕೊಡುವ ಒಬ್ಬ ಮೇಷ್ಟರು, ಒಂದು ನೋಟ್‌ಬುಕ್ ಸಿಕ್ಕರೆ ಮುಂದಿನ ಬಿಸಿ ಫೆಬ್ರುವರಿ ಬಂದಾಗ ಹೋಲಿಸಿ ನೋಡಲು ನಮ್ಮ ಕೈಯಲ್ಲಿ ತಾರೀಖುಗಳಿರುತ್ತವೆ.